ನವಸಾಗರ ಕರಗಿದಾಗ ನೀರು ಎಷ್ಟು ತಣ್ಣಗಾಗುತ್ತದೆ?

ದಾವಣಗೆರೆಯ ನಮ್ಮ ಬೀದಿಯ ಪಿಯುಸಿ ಮಕ್ಕಳಿಗೆ ಉಷ್ಣರಸಾಯನವನ್ನು ಹೇಳಿಕೊಡುವಾಗ ನಾನು ಆರಿಸಿಕೊಳ್ಳುವ ಲವಣ ನವಸಾಗರ, ಅಂದರೆ ಅಮೋನಿಯಂ ಕ್ಲೋರೈಡ್. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವರು ಬಳಸುವುದೂ ಇದನ್ನೇ. ಅಡುಗೆ ಉಪ್ಪು ಕರಗುವಾಗ ಮೋಲಿಗೆ (ಮೋಲ್ ಎಂದರೆ ರಸಾಯನಶಾಸ್ತ್ರದಲ್ಲಿ ಪದಾರ್ಥದ ಪ್ರಮಾಣವನ್ನು ಅಳೆಯುವ ಮಾನ) ಸುಮಾರು 3.9 ಕಿಲೋಜೂಲ್ ಮಾತ್ರ ಹೀರುವುದರಿಂದ ತಾಪದ ಇಳಿಕೆ ಕೈಗೆ ತಿಳಿಯುವುದೇ ಕಷ್ಟ. ನವಸಾಗರ ಹೀರುವುದು ಸುಮಾರು 14.8 ಕಿಲೋಜೂಲ್.

ಸ್ಫಟಿಕದ ಅಯಾನುಗಳನ್ನು, ಅಂದರೆ ವಿದ್ಯುದಾವೇಶವಿರುವ ಕಣಗಳನ್ನು, ಬಿಡಿಸಲು ಬೇಕಾಗುವ ಶಕ್ತಿ, ನೀರಿನ ಅಣುಗಳು ಅವುಗಳನ್ನು ಸುತ್ತುವರಿದಾಗ ಹೊರಬರುವ ಶಕ್ತಿಗಿಂತ ಹೆಚ್ಚಾಗಿದ್ದರೆ, ಆ ಕೊರತೆಯನ್ನು ನೀರೇ ತನ್ನ ಉಷ್ಣದಿಂದ ತುಂಬಬೇಕಾಗುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ಇದು ತಿರುವುಮುರುವಾಗಿ ನೀರು ಬಿಸಿಯಾಗುತ್ತದೆ.

30 ಡಿಗ್ರಿ ಸೆಲ್ಸಿಯಸ್‌ನ 100 ಗ್ರಾಂ ನೀರಿಗೆ 10.7 ಗ್ರಾಂ, ಅಂದರೆ 0.2 ಮೋಲ್ ನವಸಾಗರವನ್ನು ಹಾಕಿದರೆ ಹೀರಲ್ಪಡುವ ಉಷ್ಣ 2,960 ಜೂಲ್. ತಾಪದ ಇಳಿಕೆ ತಿಳಿಯಲು ಇದನ್ನು ದ್ರವ್ಯರಾಶಿ ಮತ್ತು ವಿಶಿಷ್ಟೋಷ್ಣಗಳ (ಒಂದು ಗ್ರಾಂ ವಸ್ತುವಿನ ತಾಪವನ್ನು ಒಂದು ಡಿಗ್ರಿ ಬದಲಿಸಲು ಬೇಕಾಗುವ ಉಷ್ಣ) ಗುಣಲಬ್ಧದಿಂದ ಭಾಗಿಸಬೇಕು.

ಆದರೆ ಯಾವ ದ್ರವ್ಯರಾಶಿ? ದ್ರಾವಣದ ಒಟ್ಟು 110.7 ಗ್ರಾಂ ತೆಗೆದುಕೊಂಡು, ವಿಶಿಷ್ಟೋಷ್ಣಕ್ಕೆ ಶುದ್ಧ ನೀರಿನ 4.18 ಜೂಲ್ ಅನ್ನೇ ಬಳಸಿದರೆ ಇಳಿಕೆ 6.4 ಡಿಗ್ರಿ, ನೀರಿನ 100 ಗ್ರಾಂ ಮಾತ್ರ ಹಿಡಿದರೆ 7.1 ಡಿಗ್ರಿ. ಮೊದಲನೆಯದು ಹೆಚ್ಚು ಶಿಸ್ತಿನದೆಂದು ತೋರಿದರೂ, ಲವಣ ಬೆರೆತ ದ್ರಾವಣದ ವಿಶಿಷ್ಟೋಷ್ಣ ನೀರಿನದಕ್ಕಿಂತ ಕಡಿಮೆಯಾಗಿರುವುದರಿಂದ, ಇಲ್ಲಿ ಎರಡನೆಯ ಉತ್ತರವೇ ವಾಸ್ತವಕ್ಕೆ ಹತ್ತಿರವಾಗುತ್ತದೆ. ಪರೀಕ್ಷೆಯಲ್ಲಿ ಪ್ರಶ್ನೆ ಸೂಚಿಸಿದ್ದನ್ನೇ ಅನುಸರಿಸಬೇಕು, ಸೂಚಿಸದಿದ್ದರೆ ತಾವು ಊಹಿಸಿಕೊಂಡದ್ದನ್ನು ಬರೆಯಬೇಕು.

ಅಳತೆ ಮಾಡಿ ನೋಡುವವರು ಮುಚ್ಚಳವಿರುವ ಥರ್ಮಾಕೋಲ್ ಲೋಟವನ್ನೇ ಬಳಸಲಿ. ಸ್ಟೀಲ್ ಲೋಟ ತನ್ನ ಉಷ್ಣವನ್ನೂ ಹೊರಗಾಳಿಯ ಉಷ್ಣವನ್ನೂ ದ್ರಾವಣಕ್ಕೆ ದಾಟಿಸಿ ಇಳಿಕೆಯನ್ನು ಕಡಿಮೆ ತೋರಿಸುತ್ತದೆ.