ತೇಲಿದ ಹನಿ

ನಾನು ಮೊದಲ ಸಲ ರಕ್ತ ಕೊಟ್ಟದ್ದು, ಗೆಳತಿಯ ತಾಯಿಯ ಶಸ್ತ್ರಚಿಕಿತ್ಸೆಗೆ ತುರ್ತಾಗಿ ಬೇಕೆಂದು ಫೋನ್ ಬಂದಾಗ. ಯಾರೂ ಕರೆಯದೆ ನಾನಾಗಿಯೇ ರಕ್ತನಿಧಿಗೆ ಹೋದದ್ದು ಅದಾದ ಎರಡು ವರ್ಷಕ್ಕೆ; ಅಂದು ನನ್ನನ್ನು ಹಿಂದಕ್ಕೆ ಕಳುಹಿಸಿದರು.

ಅಲ್ಲಿನ ಸಿಬ್ಬಂದಿಯೊಬ್ಬರು ಬೆರಳ ತುದಿಯನ್ನು ಚುಚ್ಚಿ, ಸಣ್ಣ ಗಾಜಿನ ನಳಿಕೆಯಲ್ಲಿ ಎಳೆದುಕೊಂಡ ರಕ್ತದ ಒಂದು ಹನಿಯನ್ನು ಕಾಪರ್ ಸಲ್ಫೇಟಿನ ನೀಲಿ ದ್ರಾವಣಕ್ಕೆ ಬಿಟ್ಟರು. ಆ ದ್ರಾವಣದ ಸಾಪೇಕ್ಷ ಸಾಂದ್ರತೆ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.053; ರಕ್ತದಲ್ಲಿ ಡೆಸಿಲೀಟರಿಗೆ ಕನಿಷ್ಠ 12.5 ಗ್ರಾಂ ಹಿಮೋಗ್ಲೋಬಿನ್ ಇದ್ದರೆ ಹನಿ ತಳಕ್ಕಿಳಿಯುತ್ತದೆ. ನನ್ನದು ದುಂಡಗೆ ಸ್ವಲ್ಪ ಇಳಿದು, ನಡುವೆ ಕ್ಷಣ ಹೊತ್ತು ನಿಂತು, ಮೆಲ್ಲಗೆ ಮೇಲಕ್ಕೆ ಬಂದುಬಿಟ್ಟಿತು.

“ವೈದ್ಯರಿಗೆ ತೋರಿಸಿ, ಕಬ್ಬಿಣಾಂಶ ಸರಿಹೋದ ಮೇಲೆ ಖಂಡಿತ ಬನ್ನಿ ಮೇಡಂ” ಎಂದರು. ಮುಂದೆ ಯಾರಿಗಾದರೂ ತುರ್ತು ಬಿದ್ದಾಗ ಬರುತ್ತೇನೆ ಎಂದೆ. ಅವರು ತಲೆಯಾಡಿಸಿ, ಕೊಟ್ಟ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಮುಂತಾದ ಸೋಂಕುಗಳಿಗೆ ಪರೀಕ್ಷಿಸದೆ ಯಾರಿಗೂ ಏರಿಸುವಂತಿಲ್ಲ, ಆದ್ದರಿಂದ ತುರ್ತಿನಲ್ಲಿ ಜೀವ ಉಳಿಸುವುದು ಮೊದಲೇ ಬಂದು ಕೊಟ್ಟುಹೋದವರ ರಕ್ತವೇ ಎಂದು ವಿವರಿಸಿದರು. ಗಾಜಿನಾಚೆ ಪ್ಲೇಟ್‌ಲೆಟ್‌ನ ತಿಳಿಹಳದಿ ಚೀಲಗಳು ಯಂತ್ರದ ತಟ್ಟೆಗಳ ಮೇಲೆ ಬಿಡುವಿಲ್ಲದೆ ತೂಗಾಡುತ್ತಿದ್ದವು. ಕೆಂಪು ರಕ್ತಕಣಗಳನ್ನು ತಣ್ಣಗಿಟ್ಟು ಐದಾರು ವಾರ ಕಾಪಾಡಬಹುದಾದರೂ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ 5 ದಿನಕ್ಕಿಂತ ಹೆಚ್ಚು ಇಡಲಾಗದು. ಒಂದು ಚೀಲದ ಮೇಲೆ ಮರುದಿನದ ತಾರೀಖಿತ್ತು.

ಗೆಳತಿಯ ತಾಯಿಯನ್ನು ನಾನೇ ಉಳಿಸಿದೆನೆಂದು ಎರಡು ವರ್ಷ ನಂಬಿದ್ದೆ. ಅಂದು ಅವರ ಮೈ ಸೇರಿದ್ದು, ಯಾವುದೋ ಸಾಧಾರಣ ದಿನ ಯಾರ ಹೆಸರೂ ಗೊತ್ತಿಲ್ಲದೆ ಬಂದು ಕೈಚಾಚಿ ಮಲಗಿದ್ದ ಒಬ್ಬರ ರಕ್ತ. ಅವರ ಬಗೆಗಿನ ಕೃತಜ್ಞತೆಯಿಂದ ನನಗೆ ಗಂಟಲು ಕಟ್ಟಿತು. ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಕಾಯಿಲೆಯಾದ ಥಲಸ್ಸೀಮಿಯಾ ತೀವ್ರವಾಗಿರುವ ಮಕ್ಕಳಿಗೆ ಎರಡರಿಂದ ಐದು ವಾರಕ್ಕೊಮ್ಮೆ ರಕ್ತ ಬೇಕು. ಅವರ ಅಗತ್ಯಕ್ಕೆ ಫೋನಿನ ಗಾಬರಿ ಇರುವುದಿಲ್ಲ, ಆದರೆ ತಪ್ಪಿಸಲಾಗದ ತಾರೀಖು ಇರುತ್ತದೆ.

ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ದಿನವೂ ಬಿಡದೆ ನುಂಗಿದೆ. ಆರು ತಿಂಗಳ ನಂತರ ಅದೇ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದಂತೆ ಹನಿ ನೇರ ತಳ ಸೇರಿತು. ಈಗ ನಾಲ್ಕು ತಿಂಗಳಿಗೊಮ್ಮೆ ಹೋಗುತ್ತೇನೆ, ಮತ್ತು ಹೊರಡುವ ಮುನ್ನವೇ ಮುಂದಿನ ತಾರೀಖನ್ನು ಗುರುತು ಹಾಕಿಕೊಳ್ಳುತ್ತೇನೆ.