ಊಟ ಆರೂವರೆಗೆ, ಮೀನು ಹತ್ತಕ್ಕೆ

ಈ ಸಲದ ಮೀನು ಟ್ರಿಪ್‌ಗೆ ನಾನು ಹಾಕಿರುವ ಷರತ್ತು ಒಂದೇ. ರಾತ್ರಿ ಊಟ ಸಂಜೆ ಆರೂವರೆಗೆ ಶುರುವಾಗಬೇಕು. ವಾಟ್ಸಾಪ್ ಗುಂಪಿನಲ್ಲಿ ಇದನ್ನು ಬರೆದ ಮೇಲೆ ಎರಡು ದಿನ ಯಾರೂ ತುಟಿ ಬಿಚ್ಚಲಿಲ್ಲ. ಮೂರನೇ ದಿನ ಹುಬ್ಬಳ್ಳಿಯವರು ಒಂದೇ ಸಾಲು ಹಾಕಿದರು: "ಆರೂವರಿಗೆ ನಾವು ಚಾ ಕುಡೀತೀವ್ರೀ."

ನಾವಿರೋದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ಪಕ್ಕದ ನೋವಿಯಲ್ಲಿ. ಗುಂಪಿನ ಮುಕ್ಕಾಲು ಪಾಲು ಜನ ಯಾವುದೋ ಕಾರಿನ ಯಾವುದೋ ಒಂದು ಭಾಗಕ್ಕೆ ದುಡಿಯುವವರು. ಐ-75 ಹೆದ್ದಾರಿ ಹಿಡಿದು ಉತ್ತರಕ್ಕೆ ಮೂರು ಗಂಟೆ ಹೋದರೆ ಗ್ರೇಲಿಂಗ್ ಅನ್ನುವ ಪುಟ್ಟ ಊರು, ಅಲ್ಲಿ ಓ ಸಾಬಲ್ ಹೊಳೆ. ಹೊಳೆಗೆ ಬೇಕಾದ ನೀರೆಲ್ಲ ಹೆಚ್ಚಾಗಿ ನೆಲದೊಳಗಿನ ಮರಳಿನಿಂದ ಜಿನುಗಿ ಬರುತ್ತದೆ, ಹಾಗಾಗಿ ಬೇಸಿಗೆಯಲ್ಲೂ ಕಾಲಿಟ್ಟರೆ ಜುಮ್ಮೆನ್ನುತ್ತೆ. ಟ್ರೌಟ್ ಮೀನಿಗೆ ಬೇಕಾದದ್ದು ಇದೇ ತಣ್ಣಗಿನ ನೀರು. ಫ್ಲೈ ಫಿಶಿಂಗ್, ಅಂದರೆ ಫ್ಲೈ ಅನ್ನುವ ಸುಳ್ಳು ಹುಳ ತೋರಿಸಿ ಮೀನು ಹಿಡಿಯೋದು, ಮಾಡೋರಿಗೆ ಇದು ಒಂಥರಾ ಕ್ಷೇತ್ರ. ಬರ್ಟನ್ಸ್ ಲ್ಯಾಂಡಿಂಗ್‌ನಿಂದ ವೇಕ್ಲಿ ಸೇತುವೆವರೆಗಿನ ಸುಮಾರು ಎಂಟು ಮೈಲಿಯನ್ನು 'ಹೋಲಿ ವಾಟರ್' ಅಂತಲೇ ಕರೆಯುತ್ತಾರೆ. ಅಲ್ಲಿ ಎರೆಹುಳು ಹಾಕೋ ಹಾಗಿಲ್ಲ, ಫ್ಲೈ ಮಾತ್ರ. ಹಿಡಿದ ಟ್ರೌಟನ್ನು ಮನೆಗೆ ಒಯ್ಯೋ ಹಾಗೂ ಇಲ್ಲ. ತಣ್ಣೀರಿನ ಹೊಳೆಗಳನ್ನು ಕಾಯುವ ಟ್ರೌಟ್ ಅನ್‌ಲಿಮಿಟೆಡ್ ಸಂಸ್ಥೆ 1959ರಲ್ಲಿ ಹುಟ್ಟಿದ್ದೂ ಇದೇ ಹೊಳೆಯ ದಡದಲ್ಲಿ.

ಹೋದ ವರ್ಷ ಏನಾಯಿತು ಅಂತ ಹೇಳಿದರೆ ಈ ಆರೂವರೆ ಕಥೆ ಅರ್ಥ ಆಗುತ್ತೆ.

ಶುಕ್ರವಾರ ಆಫೀಸ್ ಮುಗಿಸಿ, ಮಕ್ಕಳನ್ನು ಈಜಿನ ಕ್ಲಾಸಿನಿಂದ ಕರೆತಂದು, ಒಬ್ಬರ ಮನೆಯಲ್ಲಿ ಕಾಫಿ, ಇನ್ನೊಬ್ಬರ ಮನೆಯಲ್ಲಿ ಮರೆತ ಗ್ಯಾಸ್ ಒಲೆ, ದಾರಿಯಲ್ಲಿ ಎರಡು ಸಲ ಬಾತ್‌ರೂಮು, ಅಂತೂ ಕ್ಯಾಂಪ್‌ಗ್ರೌಂಡ್ ಮುಟ್ಟುವಾಗ ರಾತ್ರಿ ಹತ್ತೂ ಕಾಲು. ಕಾಡಿನ ಕ್ಯಾಂಪ್‌ಗ್ರೌಂಡ್, ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಒಂದೂ ಖಾಲಿ ಇರಲಿಲ್ಲ. ಜೂನ್ ಕೊನೆಯ ವಾರ ಯಾಕೆ ಇಷ್ಟು ಜನ ಅಂತ ನಮಗೆ ಹೊಳೆದಿರಲೇ ಇಲ್ಲ. ಬೆಂಕಿ ಮುಂದೆ ಕೂತಿದ್ದ ಒಬ್ಬ ಅಜ್ಜ ನಮ್ಮ ಕಾರುಗಳ ಕಡೆ ನೋಡಿ "ಹೆಕ್ಸ್ ಬಂದಿದೆ ಅಲ್ವಾ" ಅಂದ. ಅವತ್ತು ರಾತ್ರಿ ಎರಡು ಊರಾಚೆ ಒಂದು ಹೋಟೆಲಿನಲ್ಲಿ ಏಳು ಜನ ದೊಡ್ಡವರು, ಮೂವರು ಮಕ್ಕಳು ಎರಡು ರೂಮಿನಲ್ಲಿ ಮಲಗಿದೆವು.

ಮರುದಿನ ಮಧ್ಯಾಹ್ನ ಜಾಗ ಸಿಕ್ಕಿತು. ಸಂಜೆ ಏಳೂವರೆಗೆ ನನ್ನ ಗಂಡ ಬಿಸಿಬೇಳೆ ಬಾತ್‌ಗೆ ಕೈ ಹಾಕಿದ. ಆ ಪುಟ್ಟ ಒಲೆಯ ಮೇಲೆ ತೊಗರಿಬೇಳೆ ಬೇಯೋದು ಅಂದರೆ ಸುಮ್ನೆ ಅಲ್ಲ. ಕುಕ್ಕರ್ ಕೂಗಲಿಲ್ಲ, ನಾವು ಕೂಗಿಕೊಂಡೆವು. ಹತ್ತು ಗಂಟೆಗೆ ತಟ್ಟೆ ಕೈಗೆ ಬಂತು, ಮೇಲೆ ಬೂಂದಿ, ಪಕ್ಕದಲ್ಲಿ ಹಪ್ಪಳ. ಮೊದಲ ತುತ್ತು ಬಾಯಿಗಿಡುವಾಗ ಕತ್ತಲಲ್ಲಿ ಹೊಳೆ ಕಡೆಯಿಂದ ಒಂದು ಸದ್ದು. ಗುಳುಂ. ಸ್ವಲ್ಪ ಹೊತ್ತಿಗೆ ಇನ್ನೊಂದು, ಗುಳುಂ. ಬಾವಿಗೆ ತೆಂಗಿನಕಾಯಿ ಬಿದ್ದ ಹಾಗೆ. ಅದು ದೊಡ್ಡ ಬ್ರೌನ್ ಟ್ರೌಟ್ ನೀರಿನ ಮೇಲಿನ ಹುಳ ನುಂಗುವ ಸದ್ದು ಅಂತ ಗೊತ್ತಾಗಿ, ವೇಡರ್ (ನೀರಿಗಿಳಿಯೋಕೆ ಹಾಕುವ, ಒಳಗೆ ನೀರು ಬಿಡದ ಪ್ಯಾಂಟು) ಹಾಕಿಕೊಂಡು, ಕತ್ತಲಲ್ಲಿ ದಾರದ ಗಂಟು ಬಿಡಿಸಿ ನೀರಿಗಿಳಿಯುವಾಗ ಹನ್ನೊಂದೂವರೆ. ಆಟ ಮುಗಿದಿತ್ತು. ಬಿಸಿಬೇಳೆ ಬಾತ್ ಮಾತ್ರ ಚೆನ್ನಾಗಿತ್ತು, ಅದನ್ನು ಒಪ್ಪಿಕೊಳ್ಳಲೇಬೇಕು.

ಹೆಕ್ಸ್ ಅಂದರೆ ಹೆಕ್ಸಜೀನಿಯಾ ಅನ್ನುವ ದೊಡ್ಡ ಮೇಫ್ಲೈ ಹುಳ. ಹೊಳೆಯ ಕೆಸರಿನಲ್ಲಿ ಬಿಲ ಮಾಡಿಕೊಂಡು ಹೆಚ್ಚುಕಡಿಮೆ ಎರಡು ವರ್ಷ ಇರುತ್ತೆ. ಜೂನ್ ನಡುವಿನಿಂದ ಜುಲೈ ಮೊದಲ ವಾರದೊಳಗೆ, ಸೆಕೆ ಇರುವ ರಾತ್ರಿಗಳಲ್ಲಿ, ರೆಕ್ಕೆ ಬಿಚ್ಚಿ ಮೇಲೆ ಬರುತ್ತೆ. ಆಮೇಲೆ ಅದಕ್ಕೆ ಒಂದೆರಡು ದಿನದ ಆಯಸ್ಸು, ತಿನ್ನೋಕೆ ಕೆಲಸ ಮಾಡುವ ಬಾಯಿಯೂ ಇಲ್ಲ. ಊರಲ್ಲಿ ಮೊದಲ ಮಳೆ ಬಿದ್ದ ಸಂಜೆ ಗೆದ್ದಲ ರೆಕ್ಕೆಹುಳ ದೀಪಕ್ಕೆ ಮುತ್ತುತ್ತವಲ್ಲ, ಹಾಗೆ. ಸೇಂಟ್ ಕ್ಲೇರ್ ಕೆರೆ ಪಕ್ಕದ ಊರುಗಳಲ್ಲಿ ಇವನ್ನೇ ಫಿಶ್‌ಫ್ಲೈ ಅಂತಾರೆ, ಪೆಟ್ರೋಲ್ ಬಂಕ್‌ನಲ್ಲಿ ಪೊರಕೆ ಹಿಡಿದು ಗುಡಿಸುತ್ತಾರೆ. ಹಗಲೆಲ್ಲ ಮರದ ಬೇರಿನ ಕೆಳಗೆ ಅಡಗಿರುವ ದೊಡ್ಡ ಮೀನು ಈ ಹುಳಕ್ಕಾಗಿ ಕತ್ತಲಲ್ಲಿ ಈಚೆ ಬರುತ್ತೆ. ಆ ದಿನಗಳಲ್ಲಿ ಅಲ್ಲಿ ಸೂರ್ಯ ಮುಳುಗೋದೇ ಒಂಬತ್ತೂವರೆ ಹೊತ್ತಿಗೆ. ಹತ್ತರಿಂದ ನಡುರಾತ್ರಿಯೊಳಗೆ ಏನಾದರೂ ಆದರೆ ಆಯಿತು. ಮೀನಿಗೆ ನಮ್ಮ ಊಟದ ಹೊತ್ತು ಗೊತ್ತಿಲ್ಲವಲ್ಲ, ಹಾಗಾಗಿ ನಾವೇ ಬದಲಾಗಬೇಕು.

ಈ ಸಲದ ಪ್ಲ್ಯಾನ್ ಹೀಗಿದೆ. ನಾನು ಗುರುವಾರ ರಜಾ ಹಾಕಿದ್ದೇನೆ. ಗುರುವಾರ ಮಧ್ಯಾಹ್ನವೇ ಹೋಗಿ ಎರಡು ಜಾಗ ಹಿಡಿದು ಟೆಂಟ್ ಹೊಡೆದು ಕೂರುವುದು ನನ್ನ ಕೆಲಸ, ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ. ಕಾರಿನ ನಂಬರ್ ಪ್ಲೇಟಿಗೆ ರಿಕ್ರಿಯೇಶನ್ ಪಾಸ್‌ಪೋರ್ಟ್ (ರಾಜ್ಯದ ಪಾರ್ಕು, ಕ್ಯಾಂಪ್‌ಗ್ರೌಂಡ್‌ಗಳಿಗೆ ಕಾರು ಒಯ್ಯುವ ಪಾಸು) ಇಲ್ಲದವರು ಈಗಲೇ ಮಾಡಿಸಿಕೊಳ್ಳಿ. ಹದಿನೇಳು ತುಂಬಿದವರೆಲ್ಲ ಮೀನಿನ ಲೈಸೆನ್ಸ್ ತಗೊಳ್ಳಬೇಕು. ಒಮ್ಮೆ ರಾಡ್ ಹಿಡಿದು ನೋಡ್ತೀನಿ ಅಷ್ಟೇ ಅನ್ನುವವರಿಗೂ ಬೇಕು, "ನಾನು ಸುಮ್ನೆ ಹಿಡ್ಕೊಂಡಿದ್ದೆ" ಅನ್ನೋ ಮಾತು ಅಧಿಕಾರಿಯ ಮುಂದೆ ನಡೆಯಲ್ಲ. ಒಂದು ದಿನದ್ದೂ ಸಿಗುತ್ತೆ.

ಊಟಕ್ಕೆ ಬೇಳೆ ಬೇಯಿಸುವ ಯಾವುದೂ ಬೇಡ. ಶುಕ್ರವಾರ ಪುಳಿಯೋಗರೆ, ಗೊಜ್ಜು ಮನೆಯಿಂದ ಬರಬೇಕು, ಅಲ್ಲಿ ಅನ್ನ ಮಾತ್ರ. ಶನಿವಾರ ಚಪಾತಿ, ಎಣ್ಣೆಗಾಯಿ, ಮೊಸರನ್ನ. ರಾತ್ರಿ ಹನ್ನೆರಡಕ್ಕೆ ಚಳಿಯಲ್ಲಿ ನಡುಗುತ್ತಾ ವಾಪಸ್ ಬರುವವರಿಗೆ ಫ್ಲಾಸ್ಕಿನಲ್ಲಿ ತಿಳಿಸಾರು. ಇದನ್ನು ನನ್ನ ಗಂಡ ಒಪ್ಪಿಕೊಂಡಿದ್ದಾನೆ, ಅವನಿಗೆ ಮೀನು ಬೇಡ, ಒಲೆ ಸಾಕು. ಉಳಿದ ಊಟ, ಕುರುಕಲು ಎಲ್ಲ ಕಾರಿನೊಳಗೆ ಇರಲಿ. ಅಲ್ಲಿ ಕರಡಿ ಇವೆ.

ಕಟ್ಟಿಗೆ ವಿಷಯಕ್ಕೆ ಹಾಸನದವರ ಜೊತೆ ಸಣ್ಣ ಜಗಳವೇ ಆಯಿತು. ಹಿತ್ತಲಲ್ಲಿ ಬಿದ್ದ ಮರ ಕಡಿಸಿ ಒಟ್ಟಿದ್ದಾರೆ, ಕಾರಿನ ತುಂಬ ತರುತ್ತಾರಂತೆ, ಪುಕ್ಕಟೆ. ಬೇಡಿ ಅಂದೆ. ಏಷ್ಯಾದಿಂದ ಬಂದ ಒಂದು ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಹತ್ತಿರ ಮೊದಲ ಸಲ ಕಣ್ಣಿಗೆ ಬಿತ್ತು. ಆಮೇಲೆ ಈ ರಾಜ್ಯದಲ್ಲಿ ಕೋಟಿಗಟ್ಟಲೆ ಆಶ್ ಮರ ಒಣಗಿ ಹೋದವು. ಅದು ದೂರದೂರಕ್ಕೆ ಹೋಗಿದ್ದು ಹೆಚ್ಚಾಗಿ ಹೀಗೆ ಕ್ಯಾಂಪಿಂಗ್‌ಗೆ ಒಯ್ಯುವ ಕಟ್ಟಿಗೆಯೊಳಗೆ ಕೂತುಕೊಂಡೇ. ಅಲ್ಲೇ ದಾರಿಬದಿಯಲ್ಲಿ ಕಟ್ಟು ಕಟ್ಟಿ ಮಾರುತ್ತಾರೆ, ಅದೇ ತಗೊಳ್ಳೋಣ. ವೇಡರ್, ಬೂಟು ಕೂಡ ಹಾಗೇ. ನ್ಯೂಜಿಲೆಂಡ್‌ನ ಒಂದು ಸಣ್ಣ ಬಸವನಹುಳ ಈ ಹೊಳೆಗೆ ಆಗಲೇ ಬಂದು ಸೇರಿದೆ, ಬೇರೆ ಹೊಳೆಗೆ ಹೋಗುವ ಮೊದಲು ತೊಳೆದು ಒಣಗಿಸಲೇಬೇಕು.

ಹೊಸದಾಗಿ ಕಲಿಯುವವರಿಗೆ ಎರಡು ಭಾನುವಾರ ಪಾರ್ಕಿನಲ್ಲಿ ಅಭ್ಯಾಸ ಇಟ್ಟುಕೊಂಡಿದ್ದೇವೆ. ಮೊದಲ ಭಾನುವಾರ ಆಯಿತು. ಗಾಳದ ಬದಲು ತುದಿಗೆ ಒಂದು ತುಂಡು ಕೆಂಪು ಉಲ್ಲನ್ ದಾರ ಕಟ್ಟಿ, ಹುಲ್ಲಿನ ಮೇಲೆ. ನಾವು ಚಿಕ್ಕಂದಿನಲ್ಲಿ ಕಂಡ ಗಾಳದಲ್ಲಿ ತುದಿಯ ಭಾರ ದಾರವನ್ನು ಎಳೆದುಕೊಂಡು ಹೋಗುತ್ತೆ. ಇಲ್ಲಿ ಉಲ್ಟಾ. ಫ್ಲೈಗೆ ತೂಕವೇ ಇಲ್ಲ, ಗರಿ, ಜಿಂಕೆ ಕೂದಲು, ದಾರ ಸುತ್ತಿದ ಸುಳ್ಳು ಹುಳ ಅದು. ದಪ್ಪಗಿನ ಲೈನಿನ ತೂಕದಿಂದಲೇ ಎಸೆಯಬೇಕು. ರಾಡನ್ನು ಹಿಂದಕ್ಕೆ ತಂದು, ಒಂದು ಕ್ಷಣ ನಿಂತು, ಲೈನ್ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಂಡ ಮೇಲೆ ಮುಂದಕ್ಕೆ. ಆ ಒಂದು ಕ್ಷಣ ನಿಲ್ಲೋಕೆ ಯಾರಿಗೂ ಆಗಲ್ಲ. ಹುಬ್ಬಳ್ಳಿಯವರು ಒಗೆದ ಬಟ್ಟೆ ಕೊಡವಿದ ಹಾಗೆ ಛಟ್ ಛಟ್ ಅನ್ನಿಸಿದರು, ಉಲ್ಲನ್ ದಾರ ಅವರ ಟೋಪಿಗೇ ಬಂದು ಸುತ್ತಿಕೊಂಡಿತು. ಅವರ ಹತ್ತು ವರ್ಷದ ಮಗಳು ನಾಲ್ಕನೇ ಸಲಕ್ಕೆ ಮೂವತ್ತು ಅಡಿ ನೇರವಾಗಿ ಹಾಕಿದಳು. ಅಪ್ಪನ ಮುಖ ನೋಡಬೇಕಿತ್ತು.

ಆಮೇಲೆ ಅವರು ರಾಡ್ ಕೆಳಗಿಟ್ಟು ಕೇಳಿದ್ದು ಬೇರೆ ಪ್ರಶ್ನೆ. "ಅಲ್ರೀ, ತಿನ್ನೂದಿಲ್ಲ ಅಂದ್ರ ಯಾಕ ಹಿಡೀಬೇಕು? ತಿಂದ್ರ ಅದಕ್ಕೊಂದು ಲೆಕ್ಕ ಐತಿ. ಹಿಡದು, ಬಾಯಿ ಚುಚ್ಚಿ, ಫೋಟೋ ತಗದು ಬಿಡೂದು ಯಾವ ಶೋಕಿ?"

ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ. ನಾನು ಕೊಪ್ಪದ ಕಡೆಯವಳು. ಚಿಕ್ಕಂದಿನಲ್ಲಿ ಶೃಂಗೇರಿಗೆ ಹೋದರೆ ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಮಂಡಕ್ಕಿ ಹಾಕುವುದೇ ಕೆಲಸ. ಅವು ಒಂದರ ಮೇಲೊಂದು ಏರಿ ಬಂದು ಬಾಯಿ ತೆರೆಯುತ್ತಿದ್ದವು, ಅವನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಅದೇ ನಾನು ಈಗ ಬಾಯಿ ತೆರೆದ ಮೀನಿಗೆ ಸುಳ್ಳು ಹುಳ ತೋರಿಸುತ್ತೇನೆ. ಗಾಳದ ಹಿಂಮುಳ್ಳನ್ನು ಇಕ್ಕಳದಿಂದ ಚಪ್ಪಟೆ ಮಾಡಿಕೊಂಡಿರುತ್ತೇನೆ, ಕೈ ಒದ್ದೆ ಮಾಡಿಕೊಂಡೇ ಮುಟ್ಟುತ್ತೇನೆ, ಆದಷ್ಟು ನೀರಿನಲ್ಲೇ ಬಿಡಿಸುತ್ತೇನೆ, ನೀರು 68 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಗಾಳ ಹಾಕೋದೇ ಇಲ್ಲ. ಬೆಚ್ಚಗಿನ ನೀರಿನಲ್ಲಿ ಸೆಣಸಿದ ಟ್ರೌಟ್ ಬಿಟ್ಟ ಮೇಲೂ ಸಾಯಬಹುದು. ಇಷ್ಟೆಲ್ಲ ಮಾಡಿದರೂ ಅವರ ಪ್ರಶ್ನೆ ಅಲ್ಲೇ ಇದೆ. ನನಗೆ ಅದು ಬಿಡಲಾಗದ ಚಟ ಅಂತ ಒಪ್ಪಿಕೊಂಡೆ. ಅವರು "ಹಂಗಂದ್ರ ಸರಿ" ಅಂದು ಮತ್ತೆ ರಾಡ್ ಎತ್ತಿಕೊಂಡರು.

ಮೀನು ಹಿಡಿಯದವರು ಶನಿವಾರ ಹಗಲು ಮೇಸನ್ ಟ್ರಾಕ್ಟ್ ಕಾಡಿನಲ್ಲಿ ನಡೆಯಲಿ. ಜಾರ್ಜ್ ಮೇಸನ್ ಅಂತ, ನಮ್ಮ ಹಾಗೇ ಕಾರಿನವನು, ಆದರೆ ಕಂಪನಿಯನ್ನೇ ನಡೆಸಿದವನು. 1954ರಲ್ಲಿ ಸಾಯುವಾಗ ಹೊಳೆಯ ದಕ್ಷಿಣ ಕವಲಿನ ದಡದ ಜಮೀನನ್ನು ರಾಜ್ಯಕ್ಕೆ ಬಿಟ್ಟುಹೋದ. ಇವತ್ತಿಗೂ ಅಲ್ಲಿ ದಡಕ್ಕೆ ಮನೆಗಳ ಸಾಲಿಲ್ಲ. ಹೊಳೆಯಲ್ಲಿ ತೇಲಬೇಕು ಅನ್ನುವವರಿಗೆ ಬಾಡಿಗೆ ದೋಣಿ ಸಿಗುತ್ತೆ. ವಾರಾಂತ್ಯದ ಮಧ್ಯಾಹ್ನ ಅಲ್ಯುಮಿನಿಯಂ ದೋಣಿಗಳು ಕಲ್ಲಿಗೆ ಬಡಿದುಕೊಂಡು ಸಾಲಾಗಿ ಬರುವುದಕ್ಕೆ ಅಲ್ಲಿಯವರು 'ಅಲ್ಯುಮಿನಿಯಂ ಹುಳ ಎದ್ದಿದೆ' ಅಂತ ತಮಾಷೆ ಮಾಡುತ್ತಾರೆ. ನಮ್ಮವರೂ ಆ ಹುಳಗಳಲ್ಲಿ ಸೇರಿದರೆ ನನ್ನ ಅಡ್ಡಿ ಇಲ್ಲ, ಆ ಹೊತ್ತಿಗೆ ನಾನು ಮಲಗಿರುತ್ತೇನೆ.

ರಾತ್ರಿ ನೀರಿಗಿಳಿಯುವವರು ಮೂವರೇ. ಇಳಿಯುವ ಜಾಗವನ್ನು ಬೆಳಕಿರುವಾಗಲೇ ನಡೆದು ನೋಡಬೇಕು, ಎಲ್ಲಿ ಗುಂಡಿ, ಎಲ್ಲಿ ಬಿದ್ದ ಮರ ಅಂತ. ವೇಡರ್ ಮೇಲೆ ಬೆಲ್ಟ್ ಬಿಗಿಯಾಗಿರಲಿ. ಒಬ್ಬರಿಗೊಬ್ಬರು ಕೂಗಿದರೆ ಕೇಳುವಷ್ಟು ಹತ್ತಿರ. ನೀರಿನ ಮೇಲೆ ಟಾರ್ಚ್ ಬಿಡಬೇಡಿ. ಕಣ್ಣಿಗೆ ಏನೂ ಕಾಣಲ್ಲ, ಸದ್ದು ಬಂದ ಕಡೆ ಎಸೆಯೋದು ಅಷ್ಟೇ.

ಇನ್ನೊಂದು. ರಾತ್ರಿ ದೂರದಲ್ಲಿ ಧಡ್ ಧಡ್ ಅಂತ ಕೇಳಿದರೆ ಗುಡುಗು ಅಂದುಕೊಳ್ಳಬೇಡಿ. ಹೋದ ವರ್ಷ ಹಾಸನದವರು ಅದನ್ನು ಕೇಳಿ ಎಲ್ಲರನ್ನೂ ಎಬ್ಬಿಸಿ ಟೆಂಟ್‌ಗಳ ಮೇಲೆ ಟಾರ್ಪಾಲ್ ಎಳೆಸಿದ್ದರು, ಮೇಲೆ ನೋಡಿದರೆ ಆಕಾಶದ ತುಂಬ ನಕ್ಷತ್ರ. ಪಕ್ಕದಲ್ಲಿ ನ್ಯಾಷನಲ್ ಗಾರ್ಡ್‌ನವರ ದೊಡ್ಡ ತರಬೇತಿ ಕ್ಯಾಂಪ್ ಇದೆ, ಫಿರಂಗಿ ಹೊಡೆಯುತ್ತಿರುತ್ತಾರೆ. ಗುಡುಗೇ ಆದರೆ ಮಾತ್ರ ನಾವು ನೀರಿನಿಂದ ಮೇಲೆ ಬರುತ್ತೇವೆ. ಕೈಯಲ್ಲಿ ಒಂಬತ್ತಡಿ ಕೋಲು ಹಿಡಿದು ಹೊಳೆ ನಡುವೆ ನಿಲ್ಲುವ ಹೊತ್ತಲ್ಲ ಅದು.

ಎಲ್ಲ ಹೆಚ್ಚುಕಡಿಮೆ ಆಗಿದೆ. ಒಂದು ಜೊತೆ ವೇಡರ್ ಸಾಲ ಸಿಗಬೇಕು, ಹತ್ತನೇ ನಂಬರ್ ಕಾಲು. ಪುಳಿಯೋಗರೆ ಗೊಜ್ಜು ಯಾರು ತರುತ್ತೀರಿ ಅಂತ ಮೊನ್ನೆಯಿಂದ ಕೇಳುತ್ತಿದ್ದೇನೆ, ಹತ್ತು ಜನ ನೋಡಿದ್ದೀರಿ, ನೀಲಿ ಗುರುತು ಬಂದಿದೆ, ಒಬ್ಬರೂ ಉತ್ತರ ಕೊಟ್ಟಿಲ್ಲ.