ಗುಲ್ಮಾರ್ಗ್‌ನ ಹಿಮ: ಬೆಂಗಳೂರಿನಿಂದ ಹೊರಡುವವರು ದಿನಾಂಕ ಗೊತ್ತುಮಾಡುವ ಮುನ್ನ

ಬೆಂಗಳೂರಿನಿಂದ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯಲೆಂದು ಹೊರಡುವವರಲ್ಲಿ ಬಹಳ ಮಂದಿ ಮಕ್ಕಳ ಕ್ರಿಸ್‌ಮಸ್ ರಜೆಯನ್ನು ನೋಡಿಕೊಂಡು ಡಿಸೆಂಬರ್ ಕೊನೆಯ ವಾರಕ್ಕೆ ವಿಮಾನದ ಟಿಕೆಟ್ ತೆಗೆಯುತ್ತಾರೆ. ಚಳಿಯನ್ನಷ್ಟೇ ಅನುಭವಿಸಬೇಕು ಎನ್ನುವವರಿಗೆ ಆ ವಾರ ಧಾರಾಳವಾಗಿ ಸಾಕು. ಆದರೆ ಸ್ಕೀ ಹಲಗೆ ನೆಲಕ್ಕೆ ತಾಗದೆ ಜಾರುವಷ್ಟು ಹಿಮ ಆಗ ಇದ್ದೇ ಇರುತ್ತದೆಂದು ಯಾರೂ ಮಾತು ಕೊಡಲಾರರು. ನಾವು ಫೆಬ್ರವರಿಯ ಮೊದಲ ಭಾಗವನ್ನು ಆರಿಸಿಕೊಂಡೆವು. ಅಲ್ಲಿ ಕಂಡದ್ದನ್ನೂ ತರಬೇತುದಾರರಿಂದ ಕೇಳಿ ತಿಳಿದದ್ದನ್ನೂ ಸೇರಿಸಿ ಹೇಳುವುದಾದರೆ, ಜನವರಿಯ ಕೊನೆಯ ವಾರದಿಂದ ಫೆಬ್ರವರಿಯ ಮೂರನೇ ವಾರದವರೆಗಿನ ಅವಧಿಯೇ ಹೊಸಬರಿಗೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು.

ಕಾಶ್ಮೀರದಲ್ಲಿ ಚಳಿ ಒಂದು ಲೆಕ್ಕದಲ್ಲಿ ಬರುತ್ತದೆ, ಹಿಮ ಇನ್ನೊಂದು ಲೆಕ್ಕದಲ್ಲಿ. ಡಿಸೆಂಬರ್ 21ರಿಂದ ನಲವತ್ತು ದಿನಗಳ ಕಡುಚಳಿಯನ್ನು ಅಲ್ಲಿನವರು ಚಿಲ್ಲಾಯ್ ಕಲಾನ್ ಎನ್ನುತ್ತಾರೆ. ಅದರ ಹಿಂದೆಯೇ ಇಪ್ಪತ್ತು ದಿನಗಳ ಚಿಲ್ಲಾಯ್ ಖುರ್ದ್, ಆಮೇಲೆ ಹತ್ತು ದಿನಗಳ ಚಿಲ್ಲಾಯ್ ಬಚ್ಚಾ. ಚಳಿ ಬಹುಮಟ್ಟಿಗೆ ಈ ಲೆಕ್ಕವನ್ನು ಪಾಲಿಸುತ್ತದೆ. ಹಿಮ ಮಾತ್ರ ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ತೇವ ಹೊತ್ತು ಬರುವ, ಹವಾಮಾನ ಇಲಾಖೆಯವರು ಪಶ್ಚಿಮದ ಪ್ರಕ್ಷುಬ್ಧತೆ ಎಂದು ಕರೆಯುವ ಮಾರುತ ವ್ಯವಸ್ಥೆಗಳನ್ನೇ ಅವಲಂಬಿಸಿದೆ. ಅವು ಪೀರ್ ಪಂಜಾಲ್ ಪರ್ವತಸಾಲಿಗೆ ತಾಗಿದಾಗ ಒಂದೆರಡು ದಿನಗಳಲ್ಲೇ ಸೊಂಟದಷ್ಟು ಹಿಮ ಬಿದ್ದರೂ ಬೀಳಬಹುದು. ಅವು ಬಾರದಿದ್ದರೆ, ನಮ್ಮಲ್ಲಿ ಮುಂಗಾರು ಕೈಕೊಟ್ಟ ವರ್ಷದ ಹಾಗೆ, ವಾರಗಟ್ಟಲೆ ಒಣ ಆಕಾಶವನ್ನೇ ನೋಡಬೇಕಾಗುತ್ತದೆ. 2024ರ ಜನವರಿಯ ಬಹುಭಾಗ ಗುಲ್ಮಾರ್ಗ್‌ನ ಹುಲ್ಲುಗಾವಲು ಕಂದು ಬಣ್ಣದಲ್ಲೇ ಉಳಿದಿತ್ತು. ಹಿಮ ಬಿದ್ದದ್ದು ತಿಂಗಳ ಕೊನೆಗೆ. 2025ರ ಫೆಬ್ರವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮದ ಕೊರತೆಯಿಂದಾಗಿ ಮಾರ್ಚ್‌ಗೆ ಮುಂದೂಡಬೇಕಾಯಿತು. ಆದ್ದರಿಂದ ಬದಲಾಯಿಸಲು ಅವಕಾಶವಿರುವ ಟಿಕೆಟನ್ನೇ ತೆಗೆದುಕೊಳ್ಳಿ, ಹೊರಡುವ ಹಿಂದಿನ ವಾರದಲ್ಲಿ ಶ್ರೀನಗರದ ಹವಾಮಾನ ಕೇಂದ್ರದ ಮುನ್ಸೂಚನೆಯನ್ನು ದಿನವೂ ನೋಡಿ ಎಂದು ಒತ್ತಿ ಹೇಳುತ್ತೇನೆ.

ಎತ್ತರದ ಲೆಕ್ಕವನ್ನೂ ತಿಳಿದಿರಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಗೊಂಡೋಲಾ ಎಂಬ ಕೇಬಲ್ ಕಾರಿನ ಮೊದಲ ಹಂತ ಕೊಂಗ್ದೂರಿಗೂ ಎರಡನೇ ಹಂತ ಅಫರ್ವಟ್ ಶಿಖರದ ಹೆಗಲಿಗೂ ಒಯ್ಯುತ್ತದೆ. ಮೇಲಿನ ನಿಲ್ದಾಣ 3,900 ಮೀಟರ್ ದಾಟಿದ ಜಾಗ. ಕೆಳಗೆ ಹಗಲಿನಲ್ಲಿ ಸೊನ್ನೆಯ ಆಸುಪಾಸಿನ ತಾಪಮಾನವಿದ್ದಾಗ ಮೇಲೆ ಅದಕ್ಕಿಂತ ಏಳೆಂಟು ಡಿಗ್ರಿ ಕಡಿಮೆ ಇರುತ್ತದೆ, ಗಾಳಿ ಬೀಸಿದರೆ ಚಳಿ ಇನ್ನೂ ಕೊರೆಯುತ್ತದೆ. ಉಸಿರಿಗೆ ಸಿಗುವ ಆಮ್ಲಜನಕವೂ ಸಮುದ್ರಮಟ್ಟದಲ್ಲಿ ಸಿಗುವುದರ ಶೇಕಡ 60ರಷ್ಟಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ದೇವನಹಳ್ಳಿಯಲ್ಲಿ ವಿಮಾನ ಹತ್ತಿದವರು ಮರುದಿನವೇ ಎರಡನೇ ಹಂತಕ್ಕೆ ಹೋಗುವ ಆತುರ ಬೇಡ. ವಯಸ್ಸಾದವರೂ ಉಬ್ಬಸವಿರುವವರೂ ಕೊಂಗ್ದೂರಿಯಲ್ಲೇ ನಿಲ್ಲುವುದು ಲೇಸು.

ಗುಲ್ಮಾರ್ಗ್‌ಗೆ ಹೋಗಿಬಂದವರೆಲ್ಲ ಅಲ್ಲಿನ ಹಿಮವನ್ನು ಹೊಗಳುತ್ತಾರೆ, ಆದರೆ ಅದು ಗಳಿಗೆಗೊಂದು ಗುಣ ತೋರುವುದನ್ನು ಹೇಳುವವರು ಕಡಿಮೆ. ಮೊದಲ ಪಾಠದ ದಿನ ನಮ್ಮ ತರಬೇತುದಾರರು ಒಂದು ಹಿಡಿ ಹಿಮ ಎತ್ತಿ ಮುಷ್ಟಿ ಬಿಗಿದು ಬಿಟ್ಟರು. ಅದು ಉಂಡೆಯಾಗದೆ ಒಣ ರವೆಯಾಗಿ ಬೆರಳ ಸಂದಿಯಿಂದ ಉದುರಿತು. ಹಾಗೆ ಉದುರುವ ಹಿಮದಲ್ಲಿ ಬಿದ್ದರೂ ಪೆಟ್ಟಾಗುವುದು ಕಡಿಮೆ. ಬಿಸಿಲೇರಿ ಮಧ್ಯಾಹ್ನ ಕಳೆಯುವ ಹೊತ್ತಿಗೆ ಗಾಲ್ಫ್ ಮೈದಾನದ ಬದಿಯ ಕಲಿಕೆಯ ಇಳಿಜಾರಿನಲ್ಲಿ ಅದೇ ಹಿಮ ಒದ್ದೆಯಾಗಿ ಹಲಗೆಗೆ ಅಂಟತೊಡಗಿತು. ರಾತ್ರಿ ಕಳೆದು ಬೆಳಿಗ್ಗೆ ನೋಡಿದರೆ ಮೇಲ್ಪದರ ಗಾಜಿನಷ್ಟು ಗಟ್ಟಿಯಾಗಿತ್ತು. ಮಾರ್ಚ್‌ನಲ್ಲಿ ಈ ಕರಗುವ, ಹೆಪ್ಪುಗಟ್ಟುವ ಆಟ ಇನ್ನೂ ಹೆಚ್ಚು. ಕಲಿಯುವವರಿಗೆ ಗಟ್ಟಿ ಪದರ ತುಸು ಸಡಿಲಗೊಂಡ ಬೆಳಗಿನ ಹತ್ತರಿಂದ ಒಂದು ಗಂಟೆಯವರೆಗಿನ ಸಮಯ ಅತ್ಯುತ್ತಮವೆಂದು ನನ್ನ ಅಭಿಪ್ರಾಯ.

ಭಾರೀ ಹಿಮ ಬಿದ್ದ ಮರುದಿನವೇ ಮೇಲಕ್ಕೆ ಹೋಗಬಹುದೆಂಬ ಲೆಕ್ಕಾಚಾರ ಬೇಡ. ಗಾಳಿ ಜೋರಾಗಿದ್ದರೆ ಅಥವಾ ಹಿಮಕುಸಿತದ ಭಯವಿದ್ದರೆ ಎರಡನೇ ಹಂತವನ್ನು ಮುಚ್ಚುತ್ತಾರೆ, ಮುಚ್ಚಲೇಬೇಕು. ಹೊಸ ಹಿಮ ಹಳೆಯ ಪದರಕ್ಕೆ ಕಚ್ಚಿಕೊಳ್ಳುವ ಮೊದಲೇ ಇಳಿಜಾರಿನಲ್ಲಿ ಭಾರ ಬಿದ್ದರೆ ಇಡೀ ಪದರವೇ ಜಾರಿ ಬರುತ್ತದೆ. 2023ರ ಮತ್ತು 2024ರ ಫೆಬ್ರವರಿಗಳಲ್ಲಿ ಅಫರ್ವಟ್ ಇಳಿಜಾರುಗಳಲ್ಲಿ ವಿದೇಶಿ ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಅವರು ಹೊಸಬರಾಗಿರಲಿಲ್ಲ ಎಂಬುದನ್ನು ಮರೆಯಬಾರದು. ಗಸ್ತು ಸಿಬ್ಬಂದಿ ತೆರೆದಿದೆಯೆಂದು ಹೇಳಿದ ಭಾಗವನ್ನು ಬಿಟ್ಟು, ಮಾರ್ಗದರ್ಶಿ ಎಷ್ಟೇ ಪುಸಲಾಯಿಸಿದರೂ, ಪಕ್ಕದ ಕಣಿವೆಗೆ ಇಳಿಯಬೇಡಿ. ಕನಿಷ್ಠ ಎರಡು ದಿನಗಳನ್ನು ಹೆಚ್ಚಿಗೆ ಇಟ್ಟುಕೊಂಡವರಿಗೆ ಹಿಮಪಾತ ನಿಂತು ಆಕಾಶ ತಿಳಿಯಾದ ದಿನ ಸಿಗುವ ಸಾಧ್ಯತೆ ಹೆಚ್ಚು, ಮತ್ತು ಆ ದಿನಕ್ಕಾಗಿ ಕಾಯುವುದು ಸಾರ್ಥಕ. ಗೊಂಡೋಲಾ ಟಿಕೆಟನ್ನು ಆನ್‌ಲೈನ್‌ನಲ್ಲಿ ಮುಂಚಿತವಾಗಿಯೇ ಮಾಡಿಸಬೇಕು.

ಬಟ್ಟೆಯ ವಿಷಯದಲ್ಲಿ ಒಂದೇ ದಪ್ಪ ಸ್ವೆಟರ್‌ಗಿಂತ ಪದರಪದರವಾಗಿ ತೊಡುವುದು ಮೇಲು: ಮೈಗಂಟುವ ಥರ್ಮಲ್, ಅದರ ಮೇಲೆ ಫ್ಲೀಸ್, ಹೊರಗೆ ನೀರು ತಡೆಯುವ ಜಾಕೆಟ್. ಹತ್ತಿಯ ಬನಿಯನ್ ಬೆವರು ಹೀರಿ ಒದ್ದೆಯಾಗಿಯೇ ಉಳಿಯುವುದರಿಂದ ಅದನ್ನು ಬಿಟ್ಟುಬಿಡಿ. ಕೋಟು, ಗಂಬೂಟುಗಳು ಗುಲ್ಮಾರ್ಗ್‌ನ ಏರುದಾರಿಯ ಬುಡದಲ್ಲಿರುವ ಟಂಗ್‌ಮಾರ್ಗ್‌ನಲ್ಲಿ ಬಾಡಿಗೆಗೆ ಸಿಗುತ್ತವೆ. ಕೈಗವಸು ಮತ್ತು ಕಾಲುಚೀಲಗಳನ್ನು ಮಾತ್ರ ಬೆಂಗಳೂರಿನಲ್ಲೇ ಕೊಂಡು, ಎರಡೆರಡು ಜೊತೆ ಒಯ್ಯಿರಿ. ಹೊಸ ಹಿಮ ತನ್ನ ಮೇಲೆ ಬಿದ್ದ ನೇರಳಾತೀತ ಕಿರಣಗಳಲ್ಲಿ ಶೇಕಡ 80ರವರೆಗೆ ಪ್ರತಿಫಲಿಸುವುದರಿಂದ ಕಪ್ಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಶೋಕಿಯ ವಸ್ತುಗಳಲ್ಲ. ಚಳಿಗೆ ಮೊಬೈಲ್ ಬ್ಯಾಟರಿ ಬೇಗ ಇಳಿಯುತ್ತದೆ, ಫೋನನ್ನು ಒಳಜೇಬಿನಲ್ಲಿಡಿ. ಕರ್ನಾಟಕದ ಪ್ರೀಪೇಯ್ಡ್ ಸಿಮ್ ಜಮ್ಮು ಮತ್ತು ಕಾಶ್ಮೀರದಲ್ಲಿ ಕೆಲಸ ಮಾಡುವುದಿಲ್ಲ. ಗುಂಪಿನಲ್ಲಿ ಒಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಶ್ರೀನಗರದಿಂದ ಗುಲ್ಮಾರ್ಗ್‌ಗೆ ಸುಮಾರು 50 ಕಿಲೋಮೀಟರ್. ಕೊನೆಯ 13 ಕಿಲೋಮೀಟರ್, ಅಂದರೆ ಟಂಗ್‌ಮಾರ್ಗ್‌ನಿಂದ ಮೇಲಿನ ಏರುದಾರಿ, ಹಿಮ ಬಿದ್ದಾಗ ಚಕ್ರಕ್ಕೆ ಸರಪಳಿ ಬಿಗಿದ ಅಥವಾ ನಾಲ್ಕೂ ಚಕ್ರಗಳಿಗೆ ಬಲ ಸಿಗುವ ಗಾಡಿಗಳಿಗಷ್ಟೇ ತೆರೆದಿರುತ್ತದೆ. ಮರಳುವಾಗ ವಿಮಾನದ ಹಿಂದಿನ ರಾತ್ರಿಯನ್ನು ಗುಲ್ಮಾರ್ಗ್‌ನಲ್ಲಿ ಕಳೆಯದೆ ಶ್ರೀನಗರಕ್ಕೆ ಇಳಿದುಬಿಡಿ. ಹಿಮಪಾತದ ದಿನಗಳಲ್ಲಿ ಅಲ್ಲಿನ ವಿಮಾನಗಳೇ ರದ್ದಾಗುವುದುಂಟು. ದೆಹಲಿಯಲ್ಲಿ ವಿಮಾನ ಬದಲಿಸುವವರು ಎರಡೂ ಪ್ರಯಾಣಗಳನ್ನು ಒಂದೇ ಟಿಕೆಟ್‌ನಲ್ಲಿ ಮಾಡಿಸಿದ್ದರೆ ಮುಂದಿನ ವಿಮಾನಕ್ಕೆ ವ್ಯವಸ್ಥೆ ಮಾಡಿಕೊಡುವ ಹೊಣೆ ವಿಮಾನ ಸಂಸ್ಥೆಯದ್ದಾಗುತ್ತದೆ.